ಮರಣ ಪ್ರಮಾಣಪತ್ರದಿಂದ ಮನೆತನದ ಕವಲು ಹಿಡಿಯುವ ಬಗೆ

ನಮ್ಮ ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಮರಣ ಪ್ರಮಾಣಪತ್ರದ ನೆನಪಾಗುವುದು ಪೌತಿ ಖಾತೆಗೆ ಅರ್ಜಿ ಹಾಕುವಾಗ ಮಾತ್ರ. ಕೆಲಸ ಮುಗಿದ ಮೇಲೆ ಅದು ತೀರ್ವೆಯ ರಶೀದಿಗಳ ಜತೆ ಪೆಟ್ಟಿಗೆ ಸೇರುತ್ತದೆ. ವಂಶವೃಕ್ಷ ಬರೆಯಲು ಹೊರಟವರು ಮೊದಲು ತೆರೆಯಬೇಕಾದದ್ದು ಆ ಪೆಟ್ಟಿಗೆಯನ್ನೇ. ತೀರಾ ಈಚಿನ ಸಾವಿನಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು.

ಮೊದಲ ಕೆಲಸ ಕಾಲವನ್ನು ಅಂದಾಜಿಸುವುದು. ಹಿರಿಯರಿಗೆ ಇಸವಿ ಮರೆತಿದ್ದರೂ ತಿಂಗಳು ನೆನಪಿರುತ್ತದೆ. ‘ಆಟಿಯಲ್ಲಿ ತೀರಿಕೊಂಡದ್ದು, ಬೊಜ್ಜದ (ಉತ್ತರಕ್ರಿಯೆಯ) ದಿನ ಜಡಿಮಳೆ’ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅವಧಿ ಎಂದು ತಿಳಿಯಬೇಕು. ಇಸವಿಗಾಗಿ ‘ಡಿಕ್ಲರೇಶನ್ ಹಾಕುವಾಗ ಅಜ್ಜ ಇದ್ದರೇ?’ ಎಂದು ಕೇಳಿ ನೋಡಿ. ಡಿಕ್ಲರೇಶನ್ ಎಂದರೆ ಗೇಣಿ ಜಮೀನಿನ ಹಕ್ಕಿಗಾಗಿ ಗೇಣಿದಾರರು ಹಾಕಿದ ಅರ್ಜಿ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರಾಗಿದ್ದ ಕುಟುಂಬಗಳಿಗೆ ಇದಕ್ಕಿಂತ ಗಟ್ಟಿಯಾದ ಗುರುತು ಸಿಗಲಾರದು. ಅರ್ಜಿದಾರರು ನಡುವೆ ತೀರಿಕೊಂಡಿದ್ದರೆ ಭೂನ್ಯಾಯ ಮಂಡಳಿಯ ಕಡತದಲ್ಲಿ ವಾರಸುದಾರರ ಹೆಸರುಗಳೂ ಸಿಗಬಹುದು.

ಬಳಿಕ, ಸಾವು ನೋಂದಣಿಯಾದ ಜಾಗ. ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ, ಏಕೆಂದರೆ ಸಾವು ದಾಖಲಾಗುವುದು ಅದು ಸಂಭವಿಸಿದ ಸ್ಥಳದಲ್ಲಿಯೇ ಹೊರತು ಸತ್ತವರ ಊರಿನಲ್ಲಿ ಅಲ್ಲ. ಕಾರ್ಕಳದ ವ್ಯಕ್ತಿ ವೆನ್ಲಾಕ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮಂಗಳೂರು ನಗರದ ಪುಸ್ತಕವನ್ನೂ, ಮುಂಬಯಿಯಲ್ಲಿ ಹೋಟೆಲು ನಡೆಸುತ್ತ ಅಲ್ಲಿಯೇ ತೀರಿಕೊಂಡವರಾದರೆ ಆ ನಗರದ ದಾಖಲೆಯನ್ನೂ ಹುಡುಕಬೇಕು. ಹಳ್ಳಿಯ ಸಾವುಗಳಿಗೆ ತಾಲೂಕು ಕಚೇರಿಯಲ್ಲಿ ವಿಚಾರಿಸುವಾಗ ಹಳೆಯ ಗಡಿಗಳನ್ನು ನೆನಪಿಡಿ: ಕಾಪು ಮತ್ತು ಬ್ರಹ್ಮಾವರದ ಹಳೆಯ ನಮೂದುಗಳು ಉಡುಪಿ ತಾಲೂಕಿನ ಹೆಸರಿನಲ್ಲಿಯೂ, ಬೈಂದೂರಿನವು ಕುಂದಾಪುರದ ಹೆಸರಿನಲ್ಲಿಯೂ ಇರುತ್ತವೆ.

ಈಗಿನ ನೋಂದಣಿ ಕಾಯ್ದೆ 1969ರದ್ದು. ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಹಿಂದೆ, 1956ರವರೆಗೆ ಮದರಾಸಿಗೆ ಸೇರಿದ್ದ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗೆ ಅಲ್ಲಿನ 1899ರ ಕಾನೂನು ಅನ್ವಯಿಸುತ್ತಿತ್ತು. ಆ ಕಾಲದ ಪುಸ್ತಕಗಳಲ್ಲಿ ತೇವ ಮತ್ತು ಗೆದ್ದಲಿನಿಂದ ಉಳಿದವು ಮಾತ್ರ ಸಿಗುತ್ತವೆ ಎಂಬ ಸಿದ್ಧತೆಯಿಂದಲೇ ಹೋಗಬೇಕು. ಕಾಯ್ದೆಯ 17ನೆಯ ಪ್ರಕರಣದಂತೆ ಶುಲ್ಕ ಕಟ್ಟಿ ನೋಂದಣಿ ಪುಸ್ತಕವನ್ನು ಹುಡುಕಿಸಿ, ನಮೂದಿನ ಪ್ರತಿ ಕೇಳಲು ಯಾರಿಗೂ ಅವಕಾಶವಿದೆ. ಆದರೆ ಸಾವಿನ ಕಾರಣವನ್ನು ಮಾತ್ರ ಆ ಪ್ರತಿಯಲ್ಲಿ ಕೊಡುವಂತಿಲ್ಲ. ದಾಖಲೆ ಸಿಗದಿದ್ದರೆ ಬಾಯಿಮಾತಿಗೆ ತೃಪ್ತರಾಗದೆ ಹಿಂಬರಹ ಪಡೆಯಿರಿ. ಯಾವ ವರ್ಷದ ಪುಸ್ತಕ ನೋಡಿ ಆಗಿದೆ ಎಂಬುದಕ್ಕೆ ಅದೇ ಲೆಕ್ಕ.

ಪ್ರತಿ ಕೈಗೆ ಬಂದ ಮೇಲೆ ಪ್ರತಿಯೊಂದು ಸಾಲಿಗೂ ‘ಇದನ್ನು ಹೇಳಿದವರಿಗೆ ಇದು ಗೊತ್ತಿತ್ತೇ?’ ಎಂಬ ಪ್ರಶ್ನೆ ಹಾಕಬೇಕು. ಸತ್ತ ದಿನ ಮನೆಯವರಿಗೆ ಖಚಿತವಾಗಿ ಗೊತ್ತಿರುತ್ತದೆ, ವಯಸ್ಸು ಹಾಗಲ್ಲ. ನನ್ನ ಅಜ್ಜಿಯ ಸಾವನ್ನು ಬರೆಸಿದವರು ಅವರಿಗೆ 75 ವರ್ಷ ಎಂದಿದ್ದರು. ಅಜ್ಜಿಯ ತಮ್ಮನ ಶಾಲಾ ದಾಖಲೆ ಸಿಕ್ಕಿದ ಮೇಲೆ ನೋಡಿದರೆ, ಆ ಲೆಕ್ಕದಂತೆ ಅಕ್ಕನೇ ತಮ್ಮನಿಗಿಂತ ಕಿರಿಯಳಾಗುತ್ತಿದ್ದಳು. 60, 70, 75ರಂಥ ದುಂಡು ಸಂಖ್ಯೆ ಕಂಡಲ್ಲಿ ಹುಟ್ಟಿದ ಇಸವಿಯನ್ನು ಪೆನ್ಸಿಲಿನಲ್ಲಿಯೇ ಬರೆದಿಡಿ. ಸತ್ತ ದಿನಕ್ಕೂ ನೋಂದಣಿಯ ದಿನಕ್ಕೂ ವರ್ಷಕ್ಕಿಂತ ಹೆಚ್ಚಿನ ಅಂತರವಿದ್ದರೆ, ಅದರ ಹಿಂದೆ ಮ್ಯಾಜಿಸ್ಟ್ರೇಟರ ಆದೇಶವಿರಬೇಕು. ಆ ಕಡತದಲ್ಲಿ ಅರ್ಜಿದಾರರ ಸಂಬಂಧ ವಿವರವಾಗಿ ಸಿಗುವ ಸಾಧ್ಯತೆಯಿದೆ.

ಅಳಿಯಸಂತಾನದ ಮನೆತನದವರು ಇನ್ನೂ ಒಂದು ಎಚ್ಚರ ವಹಿಸಬೇಕು. ಪತ್ರದಲ್ಲಿ ತಂದೆಯ ಅಥವಾ ಗಂಡನ ಹೆಸರಿರುತ್ತದೆ, ಆದರೆ ಬರಿಯೂ (ಕುಲ) ಕವರೂ (ಮನೆತನದ ಕವಲು) ಸಾಗುವುದು ತಾಯಿಯ ಕಡೆಯಿಂದ. ಹಾಗಾಗಿ ತಾಯಿಯ ಹೆಸರಿರುವ ಪತ್ರ ಸಿಕ್ಕಿದರೆ ಅದು ಭಾಗ್ಯವೇ ಸರಿ. ಇಲ್ಲದಿದ್ದರೆ ಮೂಲ ಪುಸ್ತಕದಲ್ಲಿ ಮಾಹಿತಿ ಕೊಟ್ಟವರು ಯಾರೆಂದು ನೋಡಿ. ಅಲ್ಲಿ ಮಗನ ಬದಲು ಸೋದರಳಿಯನ ಹೆಸರು ಮತ್ತು ಮನೆಯ ವಿಳಾಸ ಇದ್ದರೆ, ಹುಡುಕುತ್ತಿದ್ದ ಕವರಿನ ಮನೆ ಅದೇ ಆಗಿರಬಹುದು.

ಸರಕಾರಿ ಪುಸ್ತಕ ಕೈಕೊಟ್ಟಲ್ಲಿ ಬೇರೆ ಆಸರೆಗಳಿವೆ. ಕ್ರೈಸ್ತರಿಗೆ ಇಗರ್ಜಿಯ ದಫನ ಪುಸ್ತಕಗಳಿವೆ; ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದ, 1784ರಲ್ಲಿ ಆರಂಭವಾದ ಸೆರೆಯ ಕಾಲದಲ್ಲಿ ಹಲವು ಇಗರ್ಜಿಗಳು ನಾಶವಾದದ್ದರಿಂದ ಅದಕ್ಕೂ ಹಿಂದಿನವು ಸಿಗುವುದು ಕಷ್ಟ. 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ರಾಕ್ಣೊ ಹಾಗೂ 1970ರಲ್ಲಿ ಆರಂಭವಾದ ಉದಯವಾಣಿಯ ಹಳೆಯ ಸಂಚಿಕೆಗಳಲ್ಲಿ ನಿಧನ ವಾರ್ತೆ, ಶ್ರದ್ಧಾಂಜಲಿಗಳನ್ನು ಹುಡುಕಬಹುದು. ಶ್ರದ್ಧಾಂಜಲಿಯ ಅಡಿಯಲ್ಲಿ ಮಕ್ಕಳು, ಅಳಿಯ, ಸೊಸೆಯಂದಿರ ಹೆಸರುಗಳು ಸಾಲಾಗಿ ಸಿಗುತ್ತವೆ.

ಪುಸ್ತಕ ನೋಡುವ ಅವಕಾಶ ಸಿಕ್ಕಿದಾಗ ನಿಮ್ಮ ಮನೆಯ ಹೆಸರಿನ ಹಿಂದೆ ಮುಂದೆ ಇರುವ ಸಾಲುಗಳನ್ನೂ ಓದಿ. ಹೆಸರಿಡುವ ಮೊದಲೇ ತೀರಿಹೋದ ಕೂಸುಗಳು ಅಲ್ಲಿ ‘ಹೆಣ್ಣು ಮಗು’, ‘ಗಂಡು ಮಗು’ ಎಂದಷ್ಟೇ ದಾಖಲಾಗಿರುವುದುಂಟು. ಅಂಥದ್ದು ನಿಮ್ಮ ಮನೆಯದೆಂದು ಖಚಿತವಾದರೆ, ತಾರೀಕು ಸಹಿತ ಅದನ್ನೂ ತಾಯಿಯ ಹೆಸರಿನ ಕೆಳಗೆ ಬರೆದುಕೊಳ್ಳಿ.