ಎರಡೇ ಪೆಡಲ್ ಇದ್ದರೂ ಫ್ಲೈವೀಲ್ ಇರಬಹುದು!

ಹೋದ ಮಳೆಗಾಲದಲ್ಲಿ ನಮ್ಮ ಭಾವನ ಹಳೇ ಆಟೋಮ್ಯಾಟಿಕ್ ಕಾರು ಟಕಟಕ ಅನ್ನತೊಡಗಿತು. ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದರೆ, ‘ಬೇರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು’ ಅಂದರು. ಭಾವ ಹೂಂ ಅನ್ನುವುದರಲ್ಲಿದ್ದರು. ಅಷ್ಟರಲ್ಲಿ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಕಾರಿನಡಿ ಮಲಗಿ, ಚಿಕ್ಕದೊಂದು ಕವರ್ ತೆಗೆದು, ಟಾರ್ಚ್ ಬಿಟ್ಟು ನೋಡಿದರು. ಇಂಜಿನ್ ಚೆನ್ನಾಗೇ ಇತ್ತು. ಸೀಳು ಬಿಟ್ಟಿದ್ದು ಫ್ಲೆಕ್ಸ್‌ಪ್ಲೇಟ್.

‘ಫ್ಲೈವೀಲ್ ಕೇಳಿದ್ದೆ, ಇದ್ಯಾವುದು?’ ಅಂದರು ಭಾವ.

ಬೆಣ್ಣೆ ದೋಸೆ ಹೋಟೆಲಿನ ಹಂಚು ನೋಡಿದ್ದೀರಲ್ಲ? ದಪ್ಪ, ಭಾರ. ಫ್ಲೈವೀಲ್ ಆ ಜಾತಿಯದು. ಬೀಡು ಕಬ್ಬಿಣದ ಅಥವಾ ಉಕ್ಕಿನ ಗಟ್ಟಿ ಗಾಲಿ. ಫ್ಲೆಕ್ಸ್‌ಪ್ಲೇಟ್ ಅದೇ ಹೋಟೆಲಿನ ಸ್ಟೀಲ್ ತಟ್ಟೆ ಇದ್ದ ಹಾಗೆ. ದಪ್ಪ ಸುಮಾರು 3 ಮಿ.ಮೀ. ಅಷ್ಟೇ. ಎರಡೂ ಕೂರುವುದು ಒಂದೇ ಕಡೆ, ಇಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿಯಲ್ಲಿ. ಎರಡರ ಅಂಚಿಗೂ ಸಾಮಾನ್ಯವಾಗಿ ರಿಂಗ್ ಗೇರಿನ ಹಲ್ಲುಗಳಿರುತ್ತವೆ. ಸೆಲ್ಫ್ ಹೊಡೆದಾಗ ಮೋಟಾರು ಕಚ್ಚಿ ತಿರುಗಿಸುವುದು ಆ ಹಲ್ಲುಗಳನ್ನೇ.

ಒಂದಕ್ಕೆ ಅಷ್ಟು ಭಾರ ಏಕೆ? ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಅಂದರೆ ಕ್ರ್ಯಾಂಕಿಗೆ ಪ್ರತಿ ಅರ್ಧ ಸುತ್ತಿಗೆ ಒಂದು ನೂಕು. ಆ ನೂಕುಗಳ ನಡುವೆ ಓಟ ತಗ್ಗದಂತೆ ಕಾಯುವುದು ಫ್ಲೈವೀಲಿನ ಭಾರ. ರಾಗಿ ಬೀಸುವಾಗ ಕೈ ಸಡಿಲಾದರೂ ಕಲ್ಲು ತಾನೇ ಒಂದಿಷ್ಟು ತಿರುಗುತ್ತದಲ್ಲ, ಹಾಗೆ. ಜೊತೆಗೆ ಕ್ಲಚ್ ಪ್ಲೇಟ್ ಬಂದು ಒತ್ತುವುದೂ ಇದರ ಮುಖಕ್ಕೇ.

ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್‌ನಲ್ಲಿ ಅಂಥ ಕ್ಲಚ್ ಇಲ್ಲ. ಎಣ್ಣೆ ತುಂಬಿದ ಆ ಕನ್ವರ್ಟರೇ ಸಾಕಷ್ಟು ಭಾರ. ಹಾಗಾಗಿ ನಡುವೆ ತೆಳು ತಟ್ಟೆ ಸಾಕು. ಸಾಕು ಅನ್ನುವುದಕ್ಕಿಂತ ತೆಳುವೇ ಬೇಕು. ಎಣ್ಣೆಯ ಒತ್ತಡಕ್ಕೆ ಕನ್ವರ್ಟರ್ ಒಂದು ಚೂರು ಉಬ್ಬುತ್ತದೆ. ತಟ್ಟೆ ಬಳುಕಿ ಅದನ್ನು ತಡೆದುಕೊಳ್ಳಬೇಕು.

ಈಗ ನಿಮ್ಮ ಕಾರಿಗೆ ಬನ್ನಿ. ಮೊದಲು ಗೇರ್‌ಬಾಕ್ಸ್ ಯಾವುದೆಂದು ತಿಳಿದುಕೊಳ್ಳಿ. ಮೂರು ಪೆಡಲ್ ಇದ್ದರೆ ಫ್ಲೈವೀಲ್, ಅನುಮಾನವೇ ಬೇಡ. ಎರಡೇ ಇದ್ದರೆ ಸುಮ್ನೆ ಫ್ಲೆಕ್ಸ್‌ಪ್ಲೇಟ್ ಅಂದುಕೊಳ್ಳಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ ಎಂಬ ಗೇರ್‌ಬಾಕ್ಸಿನಲ್ಲಿ ಇರುವುದು ಮಾಮೂಲಿ ಕ್ಲಚ್, ಮಾಮೂಲಿ ಫ್ಲೈವೀಲ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಗೇರ್ ಬದಲಾಗುವಾಗ ಕಾರು ಒಂದು ಕ್ಷಣ ತಡೆದಂತಾಗುತ್ತದೆ, ಆ ಸೆಲೆರಿಯೋದ ಲಿವರ್‌ನಲ್ಲಿ ‘ಪಿ’ ಕೂಡ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಗೇರ್ ಬದಲಾಗದ ಸಿವಿಟಿ ಆಟೋಮ್ಯಾಟಿಕ್‌ಗಳಲ್ಲಿ ಎರಡು ಬಗೆಯೂ ಉಂಟು. ಚಾಸಿ ನಂಬರ್ ಕೊಟ್ಟೇ ಪಾರ್ಟ್ ಕೇಳಿ.

ಆಮೇಲೆ ಲಕ್ಷಣ ನೋಡಿ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಏರು ಹತ್ತುವಾಗ ಹಾಫ್ ಕ್ಲಚ್‌ನಲ್ಲೇ ಎಳೆದಿದ್ದೀರಾ? ಸುಟ್ಟ ವಾಸನೆ ಬಂದಿರುತ್ತದೆ. ಫ್ಲೈವೀಲಿನ ಮುಖ ಕಾದು ನೀಲಿ ಕಲೆ, ಕೂದಲೆಳೆ ಬಿರುಕು ಬೀಳುತ್ತವೆ. ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಫ್ಲೆಕ್ಸ್‌ಪ್ಲೇಟ್ ಸೀಳಿದರೆ ಬೇರೆ ಕಥೆ. ಸದ್ದು ಐಡಲ್‌ನಲ್ಲಿ ಜೋರು, ‘ಡಿ’ಗೆ ಹಾಕಿದಾಗ ಎಷ್ಟೋ ಸಲ ಬದಲಾಗುತ್ತದೆ. ಬೇರಿಂಗ್ ಸದ್ದಿನಂತೆಯೇ ಕೇಳುವುದರಿಂದ ಅನುಭವಸ್ಥರೂ ಮೋಸ ಹೋಗುತ್ತಾರೆ. ಕನ್ವರ್ಟರ್ ಬೋಲ್ಟ್ ಸಡಿಲಾದರೂ ಇದೇ ಸದ್ದು. ಆದ್ದರಿಂದ ಇಂಜಿನ್ ಬಿಚ್ಚುವ ಮುಂಚೆ ಕವರ್ ತೆಗೆಸಿ, ಬೋಲ್ಟ್ ತೂತುಗಳ ಸುತ್ತ ಟಾರ್ಚ್ ಬಿಟ್ಟು ನೋಡಿ. ಸೆಲ್ಫ್ ಹೊಡೆದಾಗ ಕರಕರ ಅಂದರೆ ಹಲ್ಲು ಸವೆದಿರಬಹುದು, ಅದು ಎರಡಕ್ಕೂ ಬರುವ ರೋಗ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಫ್ಲೈವೀಲಿನ ಮುಖವನ್ನು, ಕಂಪನಿ ಹೇಳಿದ ದಪ್ಪ ಉಳಿಯುವಂತಿದ್ದರೆ, ಫೇಸಿಂಗ್ (ಮೇಲ್ಮೈಯನ್ನು ತೆಳುವಾಗಿ ಕೆತ್ತಿ ಸಮ ಮಾಡುವುದು) ಮಾಡಿಸಬಹುದು. ಕೆಲವು ಡೀಸೆಲ್ ಕಾರುಗಳಲ್ಲಿ ಒಳಗೆ ಸ್ಪ್ರಿಂಗ್ ಇರುವ ಎರಡು ತುಂಡಿನ ಫ್ಲೈವೀಲ್ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಈ ದಾರಿ ಇಲ್ಲ. ಸೀಳಿದ ಫ್ಲೆಕ್ಸ್‌ಪ್ಲೇಟಿಗೆ ವೆಲ್ಡಿಂಗ್ ಬೇಡವೇ ಬೇಡ, ಹೊಸದೇ ಹಾಕಿಸಿ.

ಕೂರಿಸುವಾಗ ನೀವೂ ಪಕ್ಕದಲ್ಲಿ ನಿಲ್ಲಿ. ಕನ್ವರ್ಟರ್ ಗೇರ್‌ಬಾಕ್ಸಿನೊಳಗೆ ಪೂರ್ತಿ ಕೂತಿರಬೇಕು. ಕೂತಿದ್ದರೆ ಇಂಜಿನ್ನೂ ಗೇರ್‌ಬಾಕ್ಸೂ ಬಲವಂತವಿಲ್ಲದೆ ಮುಖಕ್ಕೆ ಮುಖ ಸೇರುತ್ತವೆ, ಕನ್ವರ್ಟರ್ ಕೈಯಲ್ಲೇ ತಿರುಗುತ್ತದೆ. ಸೇರದಿದ್ದಾಗ ಬೋಲ್ಟ್ ಬಿಗಿದು ಎಳೆದರೆ ಹೊಸ ತಟ್ಟೆ ಅಲ್ಲೇ ಸೊಟ್ಟ, ಜೊತೆಗೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ಹೋಗಬಹುದು. ಭಾವನ ಕಾರಿನಲ್ಲಿ ಹಿಂದೆ ಯಾರೋ, ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕೂರಿಸುವ ಡೋವೆಲ್ ಪಿನ್ ಒಂದನ್ನು ಹಾಕದೆಯೇ ಜೋಡಿಸಿದ್ದರು. ಎರಡೂ ಸ್ವಲ್ಪ ಓರೆಯಾಗಿ ಕೂತು, ತಟ್ಟೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಸೀಳಿತ್ತು. ಈ ಸಲ ಪಿನ್ ಎರಡೂ ಇವೆಯಾ ಅಂತ ಭಾವ ಖುದ್ದು ಬಗ್ಗಿ ನೋಡಿದ ಮೇಲೇ ಗೇರ್‌ಬಾಕ್ಸ್ ಮೇಲೇರಿತು.