ಅಮರೋನೆಗೆ ಮೂರು ಅಟ್ಟ: ನನ್ನ ಅನುಭವ

ನಾನು ವಿಜಯಪುರದ ಮನೂಕ ಶೆಡ್ಡಿನಲ್ಲಿ ಬೆಳೆದವನು. ಒಂಬತ್ತು ವರ್ಷಗಳಿಂದ ಇಟಲಿಯ ವೆರೋನಾದ ಉತ್ತರಕ್ಕಿರುವ ನೆಗ್ರಾರ್ ಕಣಿವೆಯ ಸಣ್ಣ ವೈನರಿಯೊಂದರಲ್ಲಿ ದುಡಿಯುತ್ತಿದ್ದೇನೆ. ಅಮರೋನೆ ಎಂದರೆ ಅಟ್ಟದಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಇಲ್ಲಿನ ಕೆಂಪು ವೈನು. ಅದರ ಮೂರು ದ್ರಾಕ್ಷಿಗಳಾದ ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾಗಳನ್ನು ಬೇರೆ ಬೇರೆಯಾಗಿ ಒಣಗಿಸಿ, ಬೇರೆ ಬೇರೆಯಾಗಿಯೇ ಹುದುಗಿಸಿ, ಕೊನೆಗೆ ಬೆರೆಸುತ್ತೇನೆ ಎಂದಾಗ ಯಜಮಾನರು ನಕ್ಕಿದ್ದರು. ಮೂರೂ ಒಟ್ಟಿಗೆ ಹುದುಗಿದರೇ ಹೊಂದಿಕೊಳ್ಳುತ್ತವೆ ಎಂಬುದು ಅವರ ನಂಬಿಕೆ. ನಾನು ಕೂಡಿದ ಮನೆಯಲ್ಲಿ ಬೇರೆ ಒಲೆ ಹೂಡಿಸುವವನಂತೆ ಅವರಿಗೆ ಕಂಡಿರಬೇಕು. ಕಳೆದ ತಿಂಗಳು ಅದೇ ವೈನಿನ ಎರಡನೆಯ ಲೋಟವನ್ನು ಅವರೇ ಕೇಳಿ ಹಾಕಿಸಿಕೊಂಡರು.

ಮೊದಲ ವರ್ಷ ನನ್ನನ್ನು ಕೆಡಿಸಿದ್ದು ಊರಿನ ಅಭ್ಯಾಸವೇ. ನಮ್ಮಲ್ಲಿ ಬೇಗ ಒಣಗಲೆಂದು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿದ ಗೊನೆ ಹದಿನೈದು ಇಪ್ಪತ್ತು ದಿನಗಳಲ್ಲಿ ಮನೂಕವಾಗುತ್ತದೆ. ಇಲ್ಲಿ ಅದ್ದುವಂತಿಲ್ಲ, ಸುಮಾರು ನೂರು ದಿನ ಕಾಯಬೇಕು. ಕಾಯಲಾರದೆ ಬಿಸಿಗಾಳಿ ಬಿಟ್ಟೆ. ತೂಕವೇನೋ ಬೇಗ ಇಳಿಯಿತು, ಆದರೆ ವೈನಿಗೆ ಕುದಿಸಿದ ಜಾಮಿನ ವಾಸನೆ ಹತ್ತಿತು. ಮರುವರ್ಷ ಬಿಸಿಯ ತಂಟೆ ಬಿಟ್ಟು, ರೂಢಿಯಂತೆ ಮೂರನ್ನೂ ಒಂದೇ ಅಟ್ಟದಲ್ಲಿ ಹರಡಿದೆ. ಅಕ್ಟೋಬರಿನ ಮಂಜಿಗೆ ಬೂದು ಬೂಷ್ಟು ಹಿಡಿದು ಸುಮಾರು 1,100 ಕಿಲೋ ತಿಪ್ಪೆಗೆ ಹೋಯಿತು. ಕಿಲೋಗೆ ಒಂದೂಮುಕ್ಕಾಲು ಯೂರೊದಂತೆ ಕೊಂಡ ಹಣ್ಣು ಅದು. ನಷ್ಟದ ಒಂದು ಪಾಲು ನನ್ನ ಸಂಬಳದಿಂದ ಕಳೆಯಿತು.

ಕೊಳೆತ ಗೊನೆಗಳನ್ನು ಬಿಡಿಸುವಾಗಲೇ ವಿಷಯ ಬೆರಳಿಗೆ ತಿಳಿದದ್ದು. ರೊಂದಿನೆಲ್ಲಾ ಆಗಲೇ ಸುಕ್ಕುಗಟ್ಟಿ ಸಕ್ಕರೆ ಕೂಡಿಸಿಕೊಂಡಿತ್ತು; ಅದರ ಪಕ್ಕದ ದಪ್ಪ ಹಣ್ಣಿನ ಕೊರ್ವಿನೋನೆಯನ್ನು ಒತ್ತಿದರೆ ಇನ್ನೂ ನೀರು ಚಿಮ್ಮುತ್ತಿತ್ತು. 1990ರ ದಶಕದವರೆಗೂ ಕೊರ್ವಿನೋನೆಯನ್ನು ಕೊರ್ವಿನಾದ ಒಂದು ಬಗೆಯೆಂದೇ ಎಣಿಸುತ್ತಿದ್ದರು. ಒಟ್ಟಿಗೆ ಒಣಗಿಸುವ ರೂಢಿ ಅದರಿಂದಲೇ ಉಳಿದಿರಬೇಕೆಂದು ನನ್ನ ಊಹೆ.

ಮೂರನೆಯ ಸಲ ಸುಮಾರು ಮೂರು ಟನ್ ಹಣ್ಣನ್ನು ಮೂರು ಅಟ್ಟಕ್ಕೆ ಹಂಚಿದೆ. ರೊಂದಿನೆಲ್ಲಾವನ್ನು ಎಂಬತ್ತು ದಿನಕ್ಕೆ, ಕೊರ್ವಿನಾವನ್ನು ನೂರರ ಮೇಲೆ ಐದಾರು ದಿನಕ್ಕೆ, ಕೊರ್ವಿನೋನೆಯನ್ನು ನೂರಿಪ್ಪತ್ತಕ್ಕೆ ಇಳಿಸಿದೆ. ತೂಕ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಇಳಿದಿತ್ತು. ಅಟ್ಟಕ್ಕೆ ಗಾಳಿಯಾಡಿಸುವ ಫ್ಯಾನನ್ನು ಇರುಳಿನಲ್ಲಿ ಯಾವಾಗ ನಿಲ್ಲಿಸಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ತೆತ್ತ ಬೆಲೆ ಮೇಲೆಯೇ ಇದೆ. ಕೊನೆಯ ಬೆರಕೆಯಲ್ಲಿ ಕೊರ್ವಿನಾ ನೂರಕ್ಕೆ ಐವತ್ತೈದು, ಕೊರ್ವಿನೋನೆ ಇಪ್ಪತ್ತೈದು, ಉಳಿದದ್ದು ರೊಂದಿನೆಲ್ಲಾ. ಮರದ ಪೀಪಾಯಿಯಲ್ಲಿ ಎರಡು ವರ್ಷ ಕಳೆದ ಮೇಲೂ ಕೊರ್ವಿನಾದ ಹುಳಿ ಚೆರಿ ಸ್ಪಷ್ಟವಾಗಿ ನಿಂತಿತ್ತು, ಕೊರ್ವಿನೋನೆಯ ಒಗರು ಹಿಂದಿನಿಂದ ಬಂದು ನಾಲಿಗೆಯನ್ನು ಹಿಡಿಯುತ್ತಿತ್ತು, ಅಮರೋನೆಗೆ ಹೆಸರು ಕೊಟ್ಟ ಆ ಕಹಿ ಕೊನೆಯಲ್ಲಿ ಮಾತ್ರ ಸುಳಿಯುತ್ತಿತ್ತು. ಆಲ್ಕೋಹಾಲ್ ಶೇಕಡಾ ಹದಿನಾರರ ಹತ್ತಿರವಿದ್ದರೂ ಗಂಟಲು ಉರಿಯಲಿಲ್ಲ.

ನಡುವೆ ಹತ್ತು ಕಿಲೋ ಕೊರ್ವಿನಾವನ್ನು ಊರಿನಂತೆ ಅದ್ದಿ, ಒಣಗಿಸಿ, ತಿನ್ನಲೆಂದು ಮನೂಕ ಮಾಡಿದೆ. ಬಾಯಿಗೆ ಹಾಕಿದರೆ ಬರೀ ಬೀಜ, ದಪ್ಪ ಸಿಪ್ಪೆ, ಮಕ್ಕಳೂ ಮುಟ್ಟಲಿಲ್ಲ.

ಸಿಕ್ಕ ವೈನು 1,150 ಲೀಟರಿನಷ್ಟು. ಹಳೆಯ ನಷ್ಟವನ್ನು ತುಂಬಿದ್ದು ಮಾತ್ರ ಅಮರೋನೆಯಲ್ಲ, ಅದನ್ನು ಹಿಂಡಿದ ಮೇಲೆ ಉಳಿದ ಸಿಪ್ಪೆ ಬೀಜದ ಹಿಂಡಿ. ಒಣಗಿಸದ ಹಣ್ಣಿನ ಸಾದಾ ಕೆಂಪು ವೈನಾದ ವಾಲ್ಪೊಲಿಚೆಲ್ಲಾವನ್ನು ಅದರ ಮೇಲೆ ಮತ್ತೆ ಹುದುಗಿಸಿ ರಿಪಾಸ್ಸೊ ಎಂಬ ವೈನು ಮಾಡಿದೆವು, ಅದು ಮೊದಲೇ ಮಾರಿಹೋಯಿತು. ಈ ವರ್ಷ ಯಜಮಾನರು ನಾಲ್ಕನೆಯ ಅಟ್ಟವನ್ನು ತೆರವು ಮಾಡಿಸಿದ್ದಾರೆ. ಅದರಲ್ಲಿ, ಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಾಣುವ, ಈಗ ಯಾರೂ ಕಡ್ಡಾಯವಾಗಿ ಹಾಕಬೇಕಿಲ್ಲದ ಮೊಲಿನಾರಾ ದ್ರಾಕ್ಷಿಯನ್ನು ಇನ್ನೂರು ಕಿಲೋ ಹರಡಿದ್ದೇನೆ.