ಹಬ್ಬದಡುಗೆ ಬೇಡ, ರೊಟ್ಟಿ-ಪಲ್ಯ ಮಾಡಿ ಕರೆಯಿರಿ

ಜರ್ಮನಿಗೆ ಓದಲು ಹೊರಟ ಹುಡುಗ ಹುಡುಗಿಯರು ಸೆಪ್ಟೆಂಬರ್ ಹೊತ್ತಿಗೆ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬರುತ್ತಾರೆ. ನಾನು ಅಲ್ಲಿ ಓದಿ, ಕೆಲಸ ಮಾಡಿ ಮರಳಿದವಳು. ಎಲ್ಲರಿಗೂ ಹೇಳುವುದು ಒಂದೇ ಮಾತು: ವಾರಕ್ಕೊಮ್ಮೆಯಾದರೂ ನಾಲ್ಕು ಜನರಿಗೆ ಅಡುಗೆ ಮಾಡಿ. ಒಬ್ಬರೇ ಇದ್ದರೆ ಬ್ರೆಡ್ಡು, ನೂಡಲ್ಸ್‌ನಲ್ಲೇ ದಿನ ಕಳೆದುಹೋಗುತ್ತದೆ. ಜನ ಬರುತ್ತಾರೆಂದರೆ ಕಾಳು ನೆನೆಯುತ್ತದೆ, ಸೊಪ್ಪು ಮನೆಗೆ ಬರುತ್ತದೆ.

ಗೆಳೆಯರನ್ನು ಕರೆದಾಗ ಪೂರಿ, ಜಾಮೂನು ಮಾಡುವ ಆಸೆ ಬೇಡ. ನಮ್ಮ ದಿನದ ಊಟವೇ ಸಾಕು: ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಹಸಿ ತರಕಾರಿಯ ಪಚಡಿ, ಚಟ್ನಿಪುಡಿ, ಮೊಸರು. ಇದಕ್ಕಿಂತ ಆರೋಗ್ಯಕರ ಊಟ ಯಾವ ದೇಶದಲ್ಲೂ ಸುಲಭಕ್ಕೆ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಸಾಮಾನು ಕಟ್ಟುವಾಗ ಪೇಡಾ, ತುಪ್ಪ ಎರಡನ್ನೂ ತೆಗೆದಿಡಿ. ಹೊರದೇಶದಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಆ ಜಾಗದಲ್ಲಿ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಇರಲಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿ ಬಣ್ಣ ಹೆಚ್ಚು ಕೊಡುತ್ತದೆ, ಖಾರ ಕಡಿಮೆ. ಖಾರ ಅಭ್ಯಾಸವಿಲ್ಲದವರಿಗೆ ಬಡಿಸಲು ಇದೇ ತಕ್ಕದ್ದು. ಅಗಸೆ ಹೊರುವುದು ಬೇಡ, ಅಲ್ಲಿನ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನವಿಲುಕೋಸು, ಬೀಟ್‌ರೂಟ್, ಸಬ್ಬಸಿಗೆ ಕೂಡ ಸಿಗುತ್ತವೆ. ನವಿಲುಕೋಸನ್ನು ತುರಿದು, ನೆನೆಸಿದ ಹೆಸರುಬೇಳೆ ಬೆರೆಸಿ ಲಿಂಬೆ ಹಿಂಡಿದರೆ ಕೋಸಂಬರಿ ಆಯಿತು.

ಇನ್ನು ರೊಟ್ಟಿ. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿ ಇಲ್ಲ, ಆದ್ದರಿಂದ ಹಿಟ್ಟಿಗೆ ಅಂಟು ಬರುವುದು ಕುದಿಯುವ ನೀರಿನಿಂದಲೇ. ಎರಡು ಬಟ್ಟಲು ಹಿಟ್ಟಿನ ನಡುವೆ ಗುಳಿ ಮಾಡಿ, ಮರಳುವ ನೀರನ್ನು ಸುಮಾರು ಒಂದೂವರೆ ಬಟ್ಟಲಿನಷ್ಟು ಸ್ವಲ್ಪಸ್ವಲ್ಪವಾಗಿ ಸುರಿದು ಚಮಚದಿಂದ ಕೂಡಿಸಿ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿ. ಉಂಡೆಯನ್ನು ಒತ್ತಿದಾಗ ಅಂಚು ಸೀಳಿದರೆ ಇನ್ನೂ ನಾದಬೇಕು. ಎಷ್ಟು ನಾದಿದರೂ ಸೀಳುತ್ತಿದ್ದರೆ ಹಿಟ್ಟು ಹಳೆಯದು, ಅದನ್ನು ತಾಲಿಪಟ್ಟಿಗೆ ಇಟ್ಟುಕೊಳ್ಳಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಪೂರ್ತಿ ಆರುವ ಮುನ್ನ ತಿರುವಿ ಹಾಕಿ. ಹಾಸ್ಟೆಲ್ಲಿನ ವಿದ್ಯುತ್ ಒಲೆಯಲ್ಲಿ ಉರಿ ಇರುವುದಿಲ್ಲ. ಮಡಚಿದ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒತ್ತುತ್ತ ಹೋದರೆ ಹಂಚಿನ ಮೇಲೆಯೇ ಉಬ್ಬುತ್ತದೆ. ಪ್ರತಿ ರೊಟ್ಟಿಯ ನಂತರ ಹಂಚಿನ ಮೇಲಿನ ಒಣಹಿಟ್ಟು ಒರೆಸಿ, ಇಲ್ಲದಿದ್ದರೆ ಅದು ಸುಟ್ಟು ಹೊಗೆಯ ಅಲಾರಂ ಕೂಗುತ್ತದೆ. ರಾತ್ರಿ 10ರ ನಂತರ ರೊಟ್ಟಿ ಬಡಿಯಬೇಡಿ, ಅಲ್ಲಿ ಅದು ಸದ್ದು ಮಾಡದ ಹೊತ್ತು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಅಡುಗೆಗೆ ಮೊದಲೇ ಇದೆ: ಯಾರಿಗೆ ಯಾವ ಪದಾರ್ಥ ಆಗಿಬರುವುದಿಲ್ಲ ಎಂದು ಕೇಳಿ ತಿಳಿಯುವುದು. ನಮ್ಮ ಕಡೆ ಪಲ್ಯಕ್ಕೂ ಪಚಡಿಗೂ ಶೇಂಗಾ ಪುಡಿ ಉದುರಿಸುವುದು ಕೈಗಂಟಿದ ರೂಢಿ, ಆದರೆ ಶೇಂಗಾ ಅಲರ್ಜಿ ಇದ್ದವರ ಜೀವಕ್ಕೇ ಅದು ಕುತ್ತಾಗಬಹುದು. ಎಳ್ಳು, ಸಾಸಿವೆಯೂ ಕೆಲವರಿಗೆ ಆಗುವುದಿಲ್ಲ. ಅಂಥವರು ಬರುವ ದಿನ ಆ ಪದಾರ್ಥದ ಡಬ್ಬಿಯನ್ನೇ ತೆರೆಯಬೇಡಿ. ಒಂದೇ ಚಮಚ ಎರಡು ಪಾತ್ರೆಗೆ ಆಡಿದರೂ ಅಪಾಯ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಜೋಳದ ರೊಟ್ಟಿ ಒಳ್ಳೆಯದು, ಆದರೆ ಹಿಟ್ಟಿನ ಪೊಟ್ಟಣದ ಮೇಲೆ ಗ್ಲುಟೆನ್ ಇಲ್ಲವೆಂದು ಬರೆದಿರಬೇಕು. ಒಗ್ಗರಣೆಯ ಇಂಗನ್ನೂ ನೋಡಿಕೊಳ್ಳಿ. ಅಂಗಡಿಯ ಇಂಗಿನ ಪುಡಿಗೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಪ್ರತಿ ಪಾತ್ರೆಯ ಮುಂದೆ ಏನೇನು ಹಾಕಿದೆ ಎಂದು ಚೀಟಿ ಬರೆದಿಡಿ.

ಬೇರೆ ದೇಶದ ಗೆಳೆಯರು ಮಾಡಿ ತಂದದ್ದನ್ನೂ ಮನಸ್ಸಿಟ್ಟು ಉಣ್ಣಿ. ಸಿರಿಯಾದವರ ಮುಜದ್ದರಾ ನಮ್ಮವರಿಗೆ ತಕ್ಷಣ ಹಿಡಿಸುತ್ತದೆ: ಇಡೀ ಮಸೂರ, ಅಕ್ಕಿ, ಮೇಲೆ ಕಂದುಬಣ್ಣಕ್ಕೆ ಹುರಿದ ಉಳ್ಳಾಗಡ್ಡಿ, ಪಕ್ಕದಲ್ಲಿ ಮೊಸರು. ಇಥಿಯೋಪಿಯಾದವರು ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಇಂಜೆರಾ ಮಾಡುತ್ತಾರೆ. ಅದನ್ನು ಕೈಯಿಂದಲೇ ಮುರಿದು, ಮಸೂರ ಬೇಳೆಯ ಖಾರದ ಗೊಜ್ಜಿನೊಂದಿಗೆ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಾರೆ. ಹೇಗೆ ಮಾಡಿದಿರಿ ಎಂದು ಕೇಳಿ, ಮುಂದಿನ ವಾರ ಅವರ ಪಕ್ಕ ನಿಂತು ಕಲಿಯಿರಿ. ಸಸ್ಯಾಹಾರಿಗಳು ಸಂಕೋಚಪಡದೆ ಮೊದಲೇ ಹೇಳಬೇಕು. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುವ ಸಿಹಿತಿನಿಸುಗಳೂ ಬಹಳ ಇವೆ.

ರಾಜ್ಮಾ ಯಾರೇ ಮಾಡಲಿ, ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಬೇಕು. ಅರೆಬೆಂದ ರಾಜ್ಮಾ ವಾಂತಿ ತರಿಸುತ್ತದೆ.

ಅನ್ನ ಉಳಿದರೆ ಹರಟುತ್ತ ಮೇಜಿನ ಮೇಲೆ ಬಿಡಬೇಡಿ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಕಣಗಳು ಬೆಚ್ಚನೆಯ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರವಿ ತಣಿಸಿ, ಒಂದು ತಾಸಿನೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ. ಪಲ್ಯವನ್ನು ಸಣ್ಣ ಡಬ್ಬಿಗಳಿಗೆ ತುಂಬಿ ಬಂದವರ ಕೈಗೆ ಕೊಟ್ಟುಬಿಡಿ. ಉಳಿದ ರೊಟ್ಟಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಒಣಗಿಸಿಟ್ಟರೆ ವಾರದ ನಡುವೆ ಮೊಸರು, ಚಟ್ನಿಪುಡಿಯೊಂದಿಗೆ ಒಂದು ಹೊತ್ತಿನ ಊಟವಾಗುತ್ತದೆ.